ಅಂಚಿನ ಕಾಲಂ

"ನೀವು ಇದನ್ನು ಆಗಲೇ ಅಂದುಕೊಂಡಿದ್ದಿರೋ, ಈಗ ಅಂದುಕೊಳ್ಳುತ್ತಿದ್ದೀರೋ?" ಎಂದು ಹೆಂಡತಿ ಕೇಳಿದ್ದು 2020ರ ಅಕ್ಟೋಬರ್ 27ರ ರಾತ್ರಿ. ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸಿನ ಆರನೇ ಪಂದ್ಯ ನಡೆಯುತ್ತಿತ್ತು. ಟ್ಯಾಂಪಾ ಬೇ ರೇಸ್ ತಂಡದ ಪಿಚರ್ (ಚೆಂಡೆಸೆಯುವವರು) ಬ್ಲೇಕ್ ಸ್ನೆಲ್ ಲಾಸ್ ಏಂಜಲೀಸ್ ಡಾಡ್ಜರ್ಸ್ ಬ್ಯಾಟರುಗಳನ್ನು ಆಟದ ಸಾಮಾನಿನಂತೆ ಆಡಿಸುತ್ತಿದ್ದರು. 73 ಎಸೆತ, 9 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್), ಕೊಟ್ಟದ್ದು ಎರಡೇ ಹಿಟ್ (ಬ್ಯಾಟರ್ ಹೊಡೆದು, ಬೇಸ್ ಎಂಬ ಓಟದ ತಂಗುದಾಣ ತಲುಪಿದ್ದು). ತಂಡ 1-0 ಮುಂದಿತ್ತು. ಆರನೇ ಇನಿಂಗ್ಸ್‌ನಲ್ಲಿ ಆ ಎರಡನೇ ಹಿಟ್ ಬಿದ್ದ ಕೂಡಲೇ ಮ್ಯಾನೇಜರ್ ಕೆವಿನ್ ಕ್ಯಾಶ್ ಮೈದಾನಕ್ಕೆ ನಡೆದು ಬಂದು ಚೆಂಡು ಇಸಿದುಕೊಂಡು ಸ್ನೆಲ್‌ರನ್ನು ಆಟದಿಂದ ತೆಗೆದರು. ಬದಲಿಗೆ ಬಂದ ನಿಕ್ ಆ್ಯಂಡರ್ಸನ್‌ಗೆ ಮೂಕಿ ಬೆಟ್ಸ್ ಡಬಲ್ (ಎರಡನೇ ಬೇಸ್ ತಲುಪಿಸುವ ಹೊಡೆತ) ಹೊಡೆದರು, ಲೀಡ್ ಹೋಯಿತು, ಪಂದ್ಯ 3-1ರಲ್ಲಿ ಹೋಯಿತು, ಜೊತೆಗೆ ಸೀರೀಸೂ ಹೋಯಿತು. ನಾನು ಟಿವಿ ಎದುರು ನಿಂತುಕೊಂಡು "ಇಂಥ ಮೂರ್ಖತನ ಎಲ್ಲಾದರೂ ಉಂಟೇ" ಎಂದು ಕೂಗುತ್ತಿದ್ದೆ. ನನ್ನ ತಂಡವೂ ಅಲ್ಲ, ನನ್ನ ಊರೂ ಅಲ್ಲ. ಆಗ ಬಂದ ಪ್ರಶ್ನೆ ಅದು.

ಉತ್ತರ ನನ್ನಲ್ಲಿ ಇರಲಿಲ್ಲ. ಕ್ಯಾಶ್ ಮೆಟ್ಟಿಲು ಹತ್ತಿ ಬಂದಾಗಲೇ ಕೂಗಿದೆನೋ, ಬೆಟ್ಸ್ ಹೊಡೆದ ಮೇಲೆ ಕೂಗಿದೆನೋ ನನಗೇ ನೆನಪಿರಲಿಲ್ಲ.

ನಾನು ಸಿಯಾಟಲ್ ಮ್ಯಾರಿನರ್ಸ್ ಅಭಿಮಾನಿ. ಈ ಊರಿನಲ್ಲಿ ಬೇಸ್‌ಬಾಲ್ ಹಚ್ಚಿಕೊಳ್ಳುವುದೆಂದರೆ ಕಾಯುವುದನ್ನೇ ಕಸುಬು ಮಾಡಿಕೊಂಡಂತೆ. 1977ರಲ್ಲಿ ಆಟ ಶುರು ಮಾಡಿದ ತಂಡ ಇಂದಿಗೂ ವರ್ಲ್ಡ್ ಸೀರೀಸ್ ಆಡಿಲ್ಲ. ಮೇಜರ್ ಲೀಗಿನ 30 ತಂಡಗಳಲ್ಲಿ ಆ ಕೀರ್ತಿ ನಮ್ಮದೊಂದಕ್ಕೇ. 2001ರಲ್ಲಿ 162ರಲ್ಲಿ 116 ಪಂದ್ಯ ಗೆದ್ದು ದಾಖಲೆ ಸರಿಗಟ್ಟಿದರು, ಆಮೇಲೆ 2022ರವರೆಗೆ ಪ್ಲೇಆಫ್ ಬಾಗಿಲನ್ನೇ ಮುಟ್ಟಲಿಲ್ಲ. ನಾನು ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದದ್ದು ಆ ಬರಗಾಲದ ನಡುವೆ. ಸೋಲುವ ತಂಡದ ಅಭಿಮಾನಿಗೆ ಒಂದು ಸವಲತ್ತು ಇರುತ್ತದೆ: ಯಾವಾಗ ಬೇಕಾದರೂ ಮ್ಯಾನೇಜರನ್ನು ಬೈಯಬಹುದು, ಮುಕ್ಕಾಲು ಪಾಲು ಸರಿಯೆನಿಸುತ್ತದೆ. ನಾನು ಅದನ್ನು ಧಾರಾಳವಾಗಿ ಬಳಸಿಕೊಂಡಿದ್ದೆ.

ಸ್ಕೋರ್ ಬರೆಯುವುದನ್ನು 2020ರ ಆ ರಾತ್ರಿಗೂ ಮೊದಲೇ ಕಲಿತಿದ್ದೆ. ವಾರದ ನಡುವಿನ ಒಂದು ಮಧ್ಯಾಹ್ನದ ಪಂದ್ಯದಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಚೌಕಗಳಲ್ಲಿ ಏನೋ ಗೀಚುತ್ತಿದ್ದರು. ಕೇಳಿದೆ, ಹೇಳಿಕೊಟ್ಟರು. ಮೈದಾನದ ಪ್ರತಿ ಸ್ಥಾನಕ್ಕೂ ಒಂದು ಅಂಕಿ: ಪಿಚರ್ 1, ಕ್ಯಾಚರ್ 2, ಮೊದಲ ಬೇಸಿನವರು 3, ಎರಡನೆಯವರು 4, ಮೂರನೆಯವರು 5, ಎರಡನೇ, ಮೂರನೇ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಆಚೆ ಎಡದಿಂದ ಬಲಕ್ಕೆ 7, 8, 9. ಚೆಂಡು ಶಾರ್ಟ್‌ಸ್ಟಾಪ್ ಕೈಸೇರಿ, ಎರಡನೇ ಬೇಸಿಗೆ ಹೋಗಿ, ಅಲ್ಲಿಂದ ಮೊದಲ ಬೇಸಿಗೆ ಹೋಗಿ ಇಬ್ಬರು ಔಟಾದರೆ 6-4-3. ಸ್ಟ್ರೈಕ್‌ಔಟ್‌ಗೆ 'ಕೆ'. 19ನೇ ಶತಮಾನದ ವರದಿಗಾರ ಹೆನ್ರಿ ಚಾಡ್ವಿಕ್ 'ಸ್ಟ್ರಕ್' ಎಂಬ ಇಂಗ್ಲಿಷ್ ಪದದ ಕೊನೆಯ ಅಕ್ಷರ ಹಿಡಿದು ಇಟ್ಟ ಗುರುತು ಅದು. ಬ್ಯಾಟು ಬೀಸದೆ ನಿಂತಲ್ಲೇ ಔಟಾದವನಿಗೆ ಅದೇ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ನನಗೆ ಈ ತಿರುಗಿಸಿದ ಅಕ್ಷರದ ಮೇಲೆ ವಿಶೇಷ ಪ್ರೀತಿ. ನಾಚಿಕೆಗೂ ಒಂದು ಲಿಪಿ ಇದೆಯಲ್ಲ ಎನಿಸುತ್ತದೆ.

2021ರ ಸೀಸನ್ ಶುರುವಾಗುವಾಗ ಹೆಂಡತಿಯ ಪ್ರಶ್ನೆಗೆ ಉತ್ತರವಾಗಿ ಸ್ಕೋರ್ ಪುಸ್ತಕದ ಬಲ ಅಂಚಿನಲ್ಲಿ ಸ್ಕೇಲು ಇಟ್ಟು ಒಂದು ಗೆರೆ ಎಳೆದೆ. ಆ ಕಾಲಂನಲ್ಲಿ ಮ್ಯಾನೇಜರ್ ಮುಂದೆ ಏನು ಮಾಡಬೇಕೆಂದು ನನಗೆ ಅನಿಸುತ್ತದೋ ಅದನ್ನು, ಅವರು ಅದನ್ನು ಮಾಡುವ ಮೊದಲೇ ಬರೆಯಬೇಕು. ಕಾರಣ ಎರಡು ಮೂರು ಪದಗಳಲ್ಲಿ. ಅಳಿಸುವ ರಬ್ಬರು ಬಳಸುವಂತಿಲ್ಲ. ಮನಸ್ಸು ಬದಲಾದರೆ ಗೆರೆ ಹೊಡೆದು ಮೇಲೆ ಬರೆಯಬೇಕು. ನಿಯಮ ಇಷ್ಟೇ. ಪಾಲಿಸುವುದು ಕಷ್ಟ, ಏಕೆಂದರೆ 2023ರಿಂದ ಪಿಚ್ ಕ್ಲಾಕ್ ಬಂದಿದೆ. ಬೇಸ್ ಖಾಲಿಯಿದ್ದರೆ 15 ಸೆಕೆಂಡಿನೊಳಗೆ ಎಸೆತ ಶುರುವಾಗಬೇಕು, ರನ್ನರ್ ಇದ್ದರೆ ಮೊದಲ ವರ್ಷ 20 ಇತ್ತು, ಮರುವರ್ಷ 18ಕ್ಕೆ ಇಳಿಸಿದರು. ಪೆನ್ಸಿಲ್ ಚೂಪು ಮಾಡಲೂ ಬಿಡುವಿಲ್ಲ. ಹಾಗಾಗಿ ಎಲ್ಲವನ್ನೂ ಬರೆಯುವ ಆಸೆ ಬಿಟ್ಟು ನಾಲ್ಕಕ್ಕೆ ಇಳಿದೆ: ಪಿಚರ್ ಬದಲಾವಣೆ, ಬಂಟ್ (ಬೀಸದೆ ಬ್ಯಾಟಿಗೆ ಚೆಂಡು ತಾಗಿಸಿ ಹತ್ತಿರವೇ ಬೀಳಿಸುವುದು), ಬೇಸ್ ಕದಿಯುವುದು (ಹೊಡೆತಕ್ಕೆ ಕಾಯದೆ ರನ್ನರ್ ಮುಂದಿನ ಬೇಸಿಗೆ ಓಡುವುದು), ಬದಲಿ ಬ್ಯಾಟರ್.

ಬಂಟ್ ವಿಷಯದಲ್ಲಿ ಮೊದಲ ವರ್ಷ ನಾನು ಘೋರ ಪಂಡಿತನಾಗಿದ್ದೆ. ಲೆಕ್ಕ ಗೊತ್ತಿತ್ತು. ಯಾರೂ ಔಟಾಗದೆ ಮೊದಲ ಬೇಸಿನಲ್ಲಿ ಒಬ್ಬನಿದ್ದರೆ ಇನಿಂಗ್ಸ್ ಮುಗಿಯುವಷ್ಟರಲ್ಲಿ ಸರಾಸರಿ 0.9ರ ಆಸುಪಾಸು ರನ್ ಬರುತ್ತದೆ. ಬಂಟ್ ಮಾಡಿ, ಒಂದು ಔಟ್ ಕೊಟ್ಟು, ಅವನನ್ನು ಎರಡನೇ ಬೇಸಿಗೆ ತಳ್ಳಿದರೆ ಅದು 0.7ರ ಆಸುಪಾಸಿಗೆ ಇಳಿಯುತ್ತದೆ. ಒಂಬತ್ತು ಇನಿಂಗ್ಸಿಗೆ ಮೂರರಂತೆ ಕೈಯಲ್ಲಿರುವ 27 ಔಟ್‌ಗಳಲ್ಲಿ ಒಂದನ್ನು ದಾನ ಕೊಟ್ಟು ನಷ್ಟ ಮಾಡಿಕೊಂಡಂತೆ. ಕಾಲಂ ತುಂಬ "ಬಂಟ್ ಬೇಡ" ಎಂದೇ ಬರೆದೆ. ಸೀಸನ್ ಮುಗಿದ ಮೇಲೆ ಪುಟ ತಿರುವಿದಾಗ ಒಂಬತ್ತನೇ ಇನಿಂಗ್ಸಿನಲ್ಲೂ, ಹತ್ತನೆಯದರಲ್ಲೂ ಕಣ್ಣುಮುಚ್ಚಿ ಅದನ್ನೇ ಬರೆದಿದ್ದೆನೆಂದು ಕಂಡಿತು. ಸರಾಸರಿ ಎಷ್ಟು ರನ್ ಎಂಬುದು ಒಂದು ಪ್ರಶ್ನೆ, ಒಂದಾದರೂ ರನ್ ಬರುತ್ತದೆಯೇ ಎಂಬುದು ಇನ್ನೊಂದು. ಮಾಮೂಲಿ ಸೀಸನ್ನಿನಲ್ಲಿ ಒಂಬತ್ತು ಇನಿಂಗ್ಸಿಗೆ ಪಂದ್ಯ ಸಮವಾದರೆ ಹತ್ತನೇ ಇನಿಂಗ್ಸ್‌ನಿಂದ ಎರಡನೇ ಬೇಸಿನಲ್ಲಿ ಒಬ್ಬ ರನ್ನರನ್ನು ಪುಕ್ಕಟೆಯಾಗಿ ನಿಲ್ಲಿಸಿಕೊಟ್ಟು ಆಟ ಶುರು ಮಾಡುತ್ತಾರೆ. ಸ್ವಂತ ಮೈದಾನದಲ್ಲಿ ಗೆಲ್ಲಲು ಒಂದೇ ರನ್ ಸಾಕಿರುವಾಗ ಅವನನ್ನು ಮೂರನೆಯದಕ್ಕೆ ತಳ್ಳುವುದು ಪೆದ್ದತನವಲ್ಲ. ನನ್ನ ಪಾಂಡಿತ್ಯ ಅರ್ಧ ಕೋಷ್ಟಕದ್ದು.

ಬೇಸ್ ಕದಿಯುವುದರಲ್ಲಿ ಬೇರೆ ತರಹ ಎಡವಿದೆ. ನಾಲ್ಕರಲ್ಲಿ ಮೂರು ಸಲವಾದರೂ ಯಶಸ್ವಿಯಾಗದಿದ್ದರೆ ಓಡಬಾರದು ಎಂಬ ಹಳೆಯ ಅಳತೆ ತಲೆಯಲ್ಲಿತ್ತು. ಅಳತೆ ಸರಿಯೇ. ಆದರೆ 2023ರಲ್ಲಿ ಬೇಸುಗಳ ಅಗಲವನ್ನು 15 ಅಂಗುಲದಿಂದ 18ಕ್ಕೆ ಹೆಚ್ಚಿಸಿ, ಬೇಸಿನತ್ತ ಚೆಂಡೆಸೆದು ರನ್ನರನ್ನು ಹೆದರಿಸಲು ಪಿಚರಿಗಿದ್ದ ಅವಕಾಶವನ್ನೂ ಮೊಟಕು ಮಾಡಿದರು. ಎಲ್ಲರೂ ಓಡತೊಡಗಿದರು, ದಕ್ಕಿಸಿಕೊಳ್ಳತೊಡಗಿದರು. ನಾನು ಮಾತ್ರ ಜೂನ್‌ವರೆಗೂ "ಬೇಡ, ಬೇಡ" ಎಂದು ಬರೆಯುತ್ತಿದ್ದೆ. ನಿಯಮ ಬದಲಾದರೂ ಅಭ್ಯಾಸ ಬದಲಾಗಲು ಮೂರು ತಿಂಗಳು ಬೇಕಾಯಿತು.

ಪಿಚರ್ ಬದಲಾವಣೆಯೇ ನಿಜವಾದ ಕಾಡು. ಒಬ್ಬನೇ ಪಿಚರನ್ನು ಅದೇ ಬ್ಯಾಟರ್ ಮೂರನೇ ಸಲ ಎದುರಿಸುವಾಗ ಹೆಚ್ಚು ಚೆನ್ನಾಗಿ ಆಡುತ್ತಾನೆ ಎಂಬುದು ಸಾವಿರಾರು ಪಂದ್ಯಗಳ ಲೆಕ್ಕದಲ್ಲಿ ಕಾಣುವ ಮಾತು. ದಣಿವೂ ಕಾರಣ, ಪರಿಚಯವೂ ಕಾರಣ. ಕ್ಯಾಶ್ ಸ್ನೆಲ್‌ರನ್ನು ತೆಗೆದದ್ದು ಬೆಟ್ಸ್ ಮೂರನೇ ಸಲ ಬರುವಾಗ. ಮೊದಲೆರಡು ಸಲವೂ ಸ್ನೆಲ್ ಅವರನ್ನು ಸ್ಟ್ರೈಕ್‌ಔಟ್ ಮಾಡಿದ್ದರು ಎಂಬುದು ನಿಜ. ಆದರೆ ಎರಡು ಸಲದ ಸಾಕ್ಷ್ಯ ಎಷ್ಟರದು? ಮತ್ತೆ ಮತ್ತೆ ಯೋಚಿಸಿದಾಗ ನನಗೆ ತೋಚಿದ್ದು, ಅಲ್ಲಿ ಒಂದಲ್ಲ ಎರಡು ನಿರ್ಧಾರಗಳಿದ್ದವು ಎಂಬುದು. ಸ್ನೆಲ್‌ರನ್ನು ತೆಗೆಯುವುದು ಒಂದು. ಆ್ಯಂಡರ್ಸನ್‌ರನ್ನು ತರುವುದು ಇನ್ನೊಂದು. ಮೊದಲನೆಯದಕ್ಕೆ ವಾದವಿದೆ. ಎರಡನೆಯದು ನನಗೆ ಇವತ್ತಿಗೂ ಒಪ್ಪಿಗೆಯಾಗುವುದಿಲ್ಲ. ಆ್ಯಂಡರ್ಸನ್ ಅದಕ್ಕೂ ಹಿಂದಿನ ಹಲವು ಪಂದ್ಯಗಳಲ್ಲಿ ಸತತವಾಗಿ ರನ್ ಬಿಟ್ಟುಕೊಟ್ಟಿದ್ದರು. ಅಂದಿನಿಂದ ಕಾಲಂನಲ್ಲಿ "ತೆಗೆ" ಎಂದಷ್ಟೇ ಬರೆಯುವುದನ್ನು ನಿಲ್ಲಿಸಿದೆ. "ಇವರನ್ನು ತೆಗೆ, ಇವರನ್ನು ತಾ" ಎಂದು ಎರಡೂ ಹೆಸರು ಬರೆಯಬೇಕು. ಎರಡನೇ ಹೆಸರು ಹೊಳೆಯದಿದ್ದರೆ ಮೊದಲನೆಯದನ್ನು ಬೈಯುವ ಹಕ್ಕಿಲ್ಲ. ಈ ಒಂದು ತಿದ್ದುಪಡಿಯಿಂದ ನನ್ನ ಕೂಗಾಟ ಅರ್ಧಕ್ಕಿಳಿಯಿತು. ಮನೆಯವರೇ ಹೇಳಿದ್ದು, ನನ್ನ ಲೆಕ್ಕವಲ್ಲ.

ಇನ್ನು ಕ್ಲೋಸರ್ ವಿಚಾರ. ತಂಡದ ಅತಿ ಬಲಿಷ್ಠ ಬದಲಿ ಪಿಚರನ್ನು ಒಂಬತ್ತನೇ ಇನಿಂಗ್ಸಿಗೆಂದು ತೆಗೆದಿರಿಸುವ ಪದ್ಧತಿ ಎಷ್ಟು ಬೇರು ಬಿಟ್ಟಿದೆಯೆಂದರೆ, ಏಳನೆಯದರಲ್ಲಿ ಮನೆಗೆ ಬೆಂಕಿ ಬಿದ್ದಿದ್ದರೂ ಅವರು ಬದಲಿ ಪಿಚರುಗಳು ಕಾಯುವ ಬುಲ್‌ಪೆನ್ನಿನಲ್ಲಿ ಕುಳಿತಿರುತ್ತಾರೆ. ಮೂರು ರನ್ ಮುಂದಿರುವಾಗ, ಬೇಸ್ ಖಾಲಿಯಿರುವಾಗ ಬಂದು ಆರಾಮವಾಗಿ ಮೂರು ಔಟ್ ತೆಗೆದು ಕೈ ಕುಲುಕಿ ಹೋಗುತ್ತಾರೆ.

ಇದನ್ನು ಟೀಕಿಸುತ್ತಲೇ ನನ್ನ ಕೆಲಸದಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ನಾನು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಪಾಳಿ ಹಂಚುವವನು. ಅತ್ಯಂತ ಚುರುಕು ಕೈಯ ತಂತ್ರಜ್ಞೆಯನ್ನು "ರಾತ್ರಿ ಏನಾದರೂ ಬಂದರೆ ಇರಲಿ" ಎಂದು ನಡುರಾತ್ರಿಯ ಪಾಳಿಗೆ ಕಾದಿರಿಸಿದ್ದೆ. ಬಹುತೇಕ ರಾತ್ರಿ ಏನೂ ಬರುತ್ತಿರಲಿಲ್ಲ. ನಿಜವಾದ ನೂಕುನುಗ್ಗಲು ಬೆಳಗಿನ ಜಾವ ಐದರಿಂದ ಏಳರವರೆಗೆ: ವೈದ್ಯರು ಸುತ್ತು ಹಾಕುವುದಕ್ಕೆ ಮೊದಲು ಎಲ್ಲ ವಾರ್ಡುಗಳ ರಕ್ತದ ಮಾದರಿಗಳು ಒಟ್ಟಿಗೆ ಬರುತ್ತವೆ. ಅಲ್ಲಿ ಹೊಸಬರಿಬ್ಬರು ಬೆವರುತ್ತಿದ್ದರು. ಒಂದು ಚೀಟಿಯಲ್ಲಿ ಕಾರಣ ಬರೆದಿಟ್ಟು ಆ ತಂತ್ರಜ್ಞೆಯ ಪಾಳಿಯನ್ನು ಬೆಳಗಿನ ಜಾವಕ್ಕೆ ಬದಲಿಸಿದೆ. ಮೂರನೇ ವಾರ ನಡುರಾತ್ರಿ ಯಂತ್ರವೊಂದು ಕೈಕೊಟ್ಟಿತು. ಸರಿಪಡಿಸಬಲ್ಲವರು ಇರಲಿಲ್ಲ, ನಾನೇ ಕಾರು ತೆಗೆದುಕೊಂಡು ಓಡಬೇಕಾಯಿತು. ಮರುದಿನ ಎಲ್ಲರ ಕಣ್ಣಿನಲ್ಲೂ ನಾನೇ ಕೆವಿನ್ ಕ್ಯಾಶ್. ಚೀಟಿ ತೆಗೆದು ಓದಿದೆ. ಕಾರಣ ಇನ್ನೂ ಸರಿಯಾಗಿಯೇ ಕಂಡಿತು. ಪಾಳಿ ಹಾಗೆಯೇ ಬಿಟ್ಟೆ. ಯಂತ್ರದ ಬೀಗದ ಕೈ ಎಲ್ಲಿದೆಯೆಂದು ಮಾತ್ರ ಎಲ್ಲರಿಗೂ ತೋರಿಸಿದೆ.

ಮನೆಯಲ್ಲಿ ಇದನ್ನೆಲ್ಲ ನಡೆಸಲು ಹೋಗಿ ಮಗಳಿಂದ ಬೈಸಿಕೊಂಡದ್ದೂ ಇದೆ. "ಅಪ್ಪ, ಪರೀಕ್ಷೆಗೆ ಮೊದಲೇ ನೀವು ನನ್ನ ಅಂಕ ಬರೆದಿಡಬೇಡಿ" ಎಂದಳು. ನ್ಯಾಯವಾದ ಮಾತು, ಅಲ್ಲಿಗೇ ಬಿಟ್ಟೆ.

2025 ಬಂತು. ಕ್ಯಾಚರ್ ಕ್ಯಾಲ್ ರಾಲಿ 60 ಹೋಮ್ ರನ್ (ಚೆಂಡನ್ನು ಮೈದಾನದಾಚೆ ಕಳಿಸುವ ಹೊಡೆತ) ಹೊಡೆದರು. ಅಕ್ಟೋಬರ್ 10ರಂದು ಡೆಟ್ರಾಯಿಟ್ ಟೈಗರ್ಸ್ ವಿರುದ್ಧದ ನಿರ್ಣಾಯಕ ಐದನೇ ಪ್ಲೇಆಫ್ ಪಂದ್ಯ 15 ಇನಿಂಗ್ಸ್ ಎಳೆಯಿತು; ಪ್ಲೇಆಫಿನಲ್ಲಿ ಪುಕ್ಕಟೆ ರನ್ನರ್ ಇರುವುದಿಲ್ಲ. ಪುಸ್ತಕದ ಪುಟ ಮುಗಿದು ಮುಂದಿನ ಪುಟಕ್ಕೆ ದಾಟಿದೆ. ಪಂದ್ಯ ಆರಂಭಿಸುವ ಕೆಲಸದ ಲೋಗನ್ ಗಿಲ್ಬರ್ಟ್ ಮತ್ತು ಲೂಯಿಸ್ ಕಸ್ಟೀಯೋ ಇಬ್ಬರನ್ನೂ ಮ್ಯಾನೇಜರ್ ಡ್ಯಾನ್ ವಿಲ್ಸನ್ ಬದಲಿಯಾಗಿ ಇಳಿಸಿದರು. ನಾಳೆ ಎಂಬುದೇ ಇಲ್ಲದ ದಿನ ಹಾಗೆಯೇ ಆಡಬೇಕು. ಹೋರ್ಹೆ ಪೊಲಾಂಕೊ ಹೊಡೆದ ಸಿಂಗಲ್‌ಗೆ (ಒಂದು ಬೇಸಿನ ಹೊಡೆತ) 3-2ರಲ್ಲಿ ಗೆದ್ದಾಗ ನನ್ನ ಪೆನ್ಸಿಲ್ ಕಿರುಬೆರಳಿಗಿಂತ ಚಿಕ್ಕದಾಗಿತ್ತು.

ಹತ್ತು ದಿನಗಳ ನಂತರ, ಅಕ್ಟೋಬರ್ 20, ಟೊರಾಂಟೊದಲ್ಲಿ ಬ್ಲೂ ಜೇಸ್ ವಿರುದ್ಧ ಏಳನೇ ಪಂದ್ಯ. ಗೆದ್ದರೆ ಮೊದಲ ವರ್ಲ್ಡ್ ಸೀರೀಸ್. ಮೂರನೇ ಇನಿಂಗ್ಸಿನಲ್ಲಿ ಹೂಲಿಯೋ ರೋಡ್ರಿಗೆಸ್, ಐದರಲ್ಲಿ ರಾಲಿ ಹೋಮ್ ರನ್ ಹೊಡೆದು 3-1. ಜಾರ್ಜ್ ಕರ್ಬಿ ನಾಲ್ಕು ಇನಿಂಗ್ಸ್ ಎಸೆದ ಮೇಲೆ ಬ್ರಯಾನ್ ವೂ ಬಂದಿದ್ದರು. ಏಳನೆಯದರಲ್ಲಿ ವೂ ಒಂದು ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರಿಗೆ ಸಿಗುವ ಪುಕ್ಕಟೆ ಬೇಸ್), ಒಂದು ಸಿಂಗಲ್ ಕೊಟ್ಟರು. ಆಂಡ್ರೆಸ್ ಹಿಮೆನೆಸ್ ಬಂಟ್ ಮಾಡಿ ಇಬ್ಬರನ್ನೂ ಎರಡು, ಮೂರನೇ ಬೇಸಿಗೆ ತಳ್ಳಿದರು. ಒಂದು ಔಟ್. ಬ್ಯಾಟಿಗೆ ಬಂದವರು ಜಾರ್ಜ್ ಸ್ಪ್ರಿಂಗರ್. ವಿಲ್ಸನ್ ಮೈದಾನಕ್ಕೆ ನಡೆದು ಎಡ್ವರ್ಡ್ ಬಸಾರ್ಡೋ ಅವರನ್ನು ಕರೆದರು. ಕ್ಲೋಸರ್ ಆಂಡ್ರೆಸ್ ಮುನ್ಯೋಸ್ ಕುಳಿತೇ ಇದ್ದರು. ಸ್ಪ್ರಿಂಗರ್ ಚೆಂಡನ್ನು ಎಡಬದಿಯ ಪ್ರೇಕ್ಷಕರ ನಡುವೆ ಇಳಿಸಿದರು. 4-3. ಒಂಬತ್ತನೆಯದರ ಕೊನೆಯ ಔಟ್ ರೋಡ್ರಿಗೆಸ್ ಅವರದು, ಸ್ಟ್ರೈಕ್‌ಔಟ್.

ಮರುದಿನ ಊರಿಗೆ ಊರೇ ಒಂದೇ ಮಾತು: ಮುನ್ಯೋಸ್ ಯಾಕೆ ಬರಲಿಲ್ಲ? ಕಚೇರಿಯಲ್ಲಿ, ಟ್ರೈನಿನಲ್ಲಿ, ಕ್ಷೌರದಂಗಡಿಯಲ್ಲಿ. ನನ್ನ ಕಾಲಂ ಗೊತ್ತಿರುವ ಸಹೋದ್ಯೋಗಿಯೊಬ್ಬರು ಮೇಜಿನ ಬಳಿ ಬಂದು "ನೀವಂತೂ ಮೊದಲೇ ಬರೆದಿರುತ್ತೀರಿ" ಎಂದರು. "ಹೂಂ" ಎಂದೆ. ಪುಸ್ತಕ ಬ್ಯಾಗಿನಲ್ಲೇ ಇತ್ತು, ತೆಗೆಯಲಿಲ್ಲ.

ಆರನೇ ಇನಿಂಗ್ಸಿನ ಪಕ್ಕದಲ್ಲಿ ನನ್ನ ಕೈಬರಹದಲ್ಲಿ "ವೂ ಏಳಕ್ಕೂ ಇರಲಿ" ಎಂದಿದೆ. ಸಿಂಗಲ್ ಬಿದ್ದ ಮೇಲೆ "ವೂ ತೆಗೆ, ಮುನ್ಯೋಸ್ ತಾ, ಈಗಲೇ". ಬಂಟ್ ಆದ ಮೇಲೆ ಆ ಸಾಲಿನ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ಚಿಕ್ಕ ಅಕ್ಷರಗಳಲ್ಲಿ: "ಬಸಾರ್ಡೋ. 8-9ಕ್ಕೆ ಯಾರು?"