ಮಹಾಮಂತ್ರಿ ರೆಖ್ಮಿರೆಯ ಸಮಾಧಿಯ ಗೋಡೆಗಳನ್ನು ಓದುವ ಬಗೆ

ಪ್ರಾಚೀನ ಈಜಿಪ್ಟಿನ ಮಹಾಮಂತ್ರಿಯ ದಿನಚರಿಯನ್ನು ಅರಿಯಬಯಸುವವರು ಲಕ್ಸರಿನ ಪಶ್ಚಿಮ ದಂಡೆಯಲ್ಲಿರುವ ರೆಖ್ಮಿರೆಯ ಸಮಾಧಿಯನ್ನು ನೋಡಬೇಕು. ಕ್ರಿ.ಪೂ. 15ನೆಯ ಶತಮಾನದಲ್ಲಿ ಮೂರನೆಯ ಥುಟ್ಮೋಸ್ ಮತ್ತು ಅವನ ಮಗ ಎರಡನೆಯ ಅಮೆನ್‌ಹೋಟೆಪ್ ಅವರ ಆಳ್ವಿಕೆಯಲ್ಲಿ ಅಧಿಕಾರ ನಡೆಸಿದ ಈತ ತನ್ನ ಹುದ್ದೆಯ ನಿಯಮಾವಳಿಯನ್ನೇ ಗೋಡೆಗೆ ಏರಿಸಿದ್ದಾನೆ.

ಒಳಗೆ ಕಾಲಿಟ್ಟೊಡನೆ ಬಣ್ಣದ ಚಿತ್ರಗಳಿಗೆ ಮರುಳಾಗದೆ, ಅಡ್ಡ ಹಜಾರದ ಎಡಭಾಗದಲ್ಲಿರುವ ಬರಹದಿಂದ ಓದು ಆರಂಭಿಸುವುದು ಒಳ್ಳೆಯದು. ಮಹಾಮಂತ್ರಿ ಪ್ರತಿ ಬೆಳಿಗ್ಗೆ ಅರಸನ ಕುಶಲ ವಿಚಾರಿಸಬೇಕು. ಭಂಡಾರದ ಮುಖ್ಯಸ್ಥನೊಂದಿಗೆ ಪರಸ್ಪರ ವರದಿ ಒಪ್ಪಿಸಿಕೊಂಡ ಮೇಲೆಯೇ ಅರಮನೆಯ ಬಾಗಿಲುಗಳನ್ನು ತೆರೆಸಬೇಕು. ಜಮೀನಿನ ವ್ಯಾಜ್ಯ ತಂದವನ ಹೊಲ ರಾಜಧಾನಿಯ ಸಮೀಪದಲ್ಲಿದ್ದರೆ ಮೂರು ದಿನ, ದೂರದಲ್ಲಿದ್ದರೆ ಎರಡು ತಿಂಗಳು ಎಂದು ಗಡುವನ್ನೂ ಅಲ್ಲಿ ವಿಧಿಸಲಾಗಿದೆ. ನಮ್ಮ ಕಂದಾಯ ಕಚೇರಿಗಳಿಗೆ ಅಲೆದವರು ಈ ಸಾಲನ್ನು ಎರಡು ಬಾರಿ ಓದುವುದು ಸಹಜ.

ಅದರೊಡನೆ, ಪದವಿ ಸ್ವೀಕಾರದ ವೇಳೆ ಅರಸ ಹೇಳಿದ ಬುದ್ಧಿಮಾತನ್ನೂ ಹುಡುಕಿ ಓದಬೇಕು. ಈ ಪದವಿ ಸಿಹಿಯಲ್ಲ, ಪಿತ್ತದಂತೆ ಕಹಿ ಎಂದು ಎಚ್ಚರಿಸುವ ಅರಸ, ಖೇತಿ ಎಂಬ ಹಿಂದಿನ ಮಂತ್ರಿಯ ಉದಾಹರಣೆ ಕೊಡುತ್ತಾನೆ. ಪಕ್ಷಪಾತಿ ಎನಿಸಿಕೊಳ್ಳುವ ಭಯದಿಂದ ಖೇತಿ ತನ್ನ ಬಂಧುಗಳ ವಿರುದ್ಧವೇ ತೀರ್ಪು ಕೊಡುತ್ತಿದ್ದನಂತೆ. ಅದು ನ್ಯಾಯವಲ್ಲ, ನ್ಯಾಯದ ಅತಿರೇಕ ಎಂಬುದು ಅರಸನ ಅಭಿಪ್ರಾಯ. ನನ್ನ ಮಟ್ಟಿಗೆ ಇಡೀ ಸಮಾಧಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಮಾತಿಲ್ಲ.

ಬರಹದ ನಂತರ ಚಿತ್ರಗಳತ್ತ ತಿರುಗಬಹುದು. ಕೆಂಪು ಸಮುದ್ರದ ಕಡೆಯ ಪಂಟ್ ನಾಡು, ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯಾ, ಸಿರಿಯಾಗಳಿಂದ ಕಾಣಿಕೆಯಾಗಿ ಜಿರಾಫೆ, ಕರಡಿ, ಪುಟ್ಟ ಆನೆ, ಹೂಜಿಗಳನ್ನು ತಂದವರ ಸಾಲಿನಲ್ಲಿ ಕ್ರೀಟಿನವರೂ ಇದ್ದಾರೆ. ಅವರ ಸೊಂಟದ ಬಟ್ಟೆಯನ್ನು ಹತ್ತಿರದಿಂದ ಗಮನಿಸಿದರೆ, ಮೊದಲು ಬರೆದ ಉಡುಪಿನ ಮೇಲೆಯೇ ಕಲಾವಿದ ಬೇರೊಂದು ಬಗೆಯದನ್ನು ತಿದ್ದಿ ಬರೆದಿರುವುದು ಕಾಣುತ್ತದೆ. ಒಳಗಿನ ಉದ್ದನೆಯ ಓಣಿಯ ಎಡಗೋಡೆಯಲ್ಲಿ ಮಣ್ಣು ತುಳಿದು ಅಚ್ಚಿನಲ್ಲಿ ಇಟ್ಟಿಗೆ ಹಾಕುವವರು, ಕುಲುಮೆಯ ತಿದಿಯನ್ನು ಕಾಲಿನಿಂದ ಒತ್ತುವವರು ಕಾಣುತ್ತಾರೆ. ಈ ಕಾರ್ಯಾಗಾರಗಳ ಮೇಲ್ವಿಚಾರಣೆಯೂ ರೆಖ್ಮಿರೆಯದೇ ಆಗಿತ್ತು.

ಈ ಓಣಿಯ ಛಾವಣಿ ಒಳಹೋದಂತೆ ಸುಮಾರು 3 ಮೀಟರಿನಿಂದ 8 ಮೀಟರಿನವರೆಗೆ ಏರುವುದರಿಂದ ಮೇಲಿನ ಸಾಲುಗಳು ಬರಿಗಣ್ಣಿಗೆ ನಿಲುಕುವುದಿಲ್ಲ. ಚಿಕ್ಕ ದುರ್ಬೀನೊಂದನ್ನು ಜೊತೆಗೆ ಒಯ್ಯುವುದು ಲೇಸು.