ಅರ್ಧ ದಿನದಲ್ಲಿ ವಿಜಯಪುರ: ಟಾಂಗಾ ಹತ್ತುವ ಮುಂಚೆ

ವಿಜಯಪುರಕ್ಕೆ ಬರುವ ಜಾಸ್ತಿ ಜನ ಗೋಲ್ ಗುಂಬಜ್ ಮೇಲೆ ಹತ್ತಿ, ಒಂದು ಸಲ ಜೋರಾಗಿ ಕೂಗಿ, ಕೆಳಗಿಳಿದು ಬಾದಾಮಿಗೋ ಸೊಲ್ಲಾಪುರಕ್ಕೋ ಹೊರಟುಬಿಡುತ್ತಾರೆ. ಊರಿನ ಇನ್ನೊಂದು ತುದಿಯಲ್ಲಿ ಇಬ್ರಾಹಿಂ ರೋಜಾ ಇದೆ, ಒಬ್ಬ ಸುಲ್ತಾನನ ಗೋರಿ ಮತ್ತು ಮಸೀದಿ, ನನ್ನ ಕೇಳಿದರೆ ಅದು ಗೋಲ್ ಗುಂಬಜ್‌ಗಿಂತ ಚೆಂದ. ಬೆಳಗ್ಗೆ ರೈಲಿಳಿದು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಬೇಕು ಅನ್ನುವವರೂ ಎರಡನ್ನೂ ಆರಾಮಾಗಿ ನೋಡಬಹುದು. ಒಂದು ಟಾಂಗಾ ಅಥವಾ ಆಟೋ ಹಿಡಿಯಿರಿ, ಪೂರ್ವದಿಂದ ಪಶ್ಚಿಮಕ್ಕೆ ಹೋಗಿ, ಈ ಎರಡು ಕಡೆ ಮಾತ್ರ ಹೊತ್ತು ಕಳೆಯಿರಿ, ಉಳಿದ ಕಡೆ ಸುಮ್ನೆ ಇಳಿದು ನೋಡಿ ಮತ್ತೆ ಹತ್ತಿ.

ಮೊದಲು ದಿನದ ಆಯ್ಕೆ. ಶುಕ್ರವಾರ ಬೇಡ. ಗೋಲ್ ಗುಂಬಜ್ ಎದುರಿನ ಮ್ಯೂಸಿಯಂ ಅವತ್ತು ಮುಚ್ಚಿರುತ್ತದೆ, ಜಾಮಿಯಾ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿಗೆ ಜನ ತುಂಬಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹತ್ತು ಗಂಟೆ ಆದಮೇಲೆ ಕಪ್ಪು ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುವುದು ಕಷ್ಟ. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿರುತ್ತದೆ, ಆದರೆ ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಕಾಲ. ಅದರ ತೊಂದರೆ ಏನು ಅಂತ ಪಿಸುಗುಟ್ಟುವ ಗ್ಯಾಲರಿ ಹತ್ತಿರ ಬಂದಾಗ ಹೇಳುತ್ತೇನೆ.

ಇನ್ನು ಗಾಡಿ. ಮೊದಲಿನಷ್ಟು ಟಾಂಗಾಗಳು ಈಗ ಉಳಿದಿಲ್ಲ, ಆಟೋಗಳೇ ಜಾಸ್ತಿ. ಗುಂಪು ದೊಡ್ಡದಿದ್ದರೆ ಅಥವಾ ಮಂಡಿ ನೋವಿನ ಹಿರಿಯರಿದ್ದರೆ ಆಟೋ ಒಳ್ಳೆಯದು, ಯಾಕೆಂದರೆ ಟಾಂಗಾದ ಮೆಟ್ಟಿಲು ಎತ್ತರ, ಪ್ರತಿ ಸಲ ಹತ್ತಿ ಇಳಿಯಬೇಕು. ಇಬ್ಬರು ಮೂವರು ಇದ್ದು ಅವಸರ ಇಲ್ಲದಿದ್ದರೆ ಟಾಂಗಾನೇ ಸರಿ. ಕುದುರೆ ನಡೆಯುವ ವೇಗಕ್ಕೆ ಊರು ಕಾಣುತ್ತದೆ. ಮನೆಗಳ ಸಂದಿಯಲ್ಲಿ ಯಾವುದೋ ಹಳೆಯ ಕಮಾನು, ಯಾರದೋ ಹೆಸರಿಲ್ಲದ ಗೋರಿ, ಕೋಟೆಗೋಡೆಗೆ ಆತುಕೊಂಡು ಇಟ್ಟ ಪಂಕ್ಚರ್ ಅಂಗಡಿ, ಇವೆಲ್ಲ ಆಟೋದಲ್ಲಿ ಕಣ್ಣಿಗೆ ಬೀಳುವ ಮುಂಚೆಯೇ ಹಿಂದೆ ಹೋಗಿರುತ್ತವೆ. ಹತ್ತುವ ಮುಂಚೆ ಕುದುರೆಯನ್ನು ಒಮ್ಮೆ ನೋಡಿ. ಕುಂಟುತ್ತಿದ್ದರೆ, ಜೀನಿನ ಪಟ್ಟಿ ಉಜ್ಜಿ ಗಾಯವಾಗಿದ್ದರೆ, ಪಕ್ಕೆಲುಬು ಎದ್ದು ಕಾಣುತ್ತಿದ್ದರೆ ಬೇರೆ ಗಾಡಿ ನೋಡಿ. ಉರಿಬಿಸಿಲಲ್ಲಿ ಆರು ಜನ ಹತ್ತಿ ಕೂರುವುದು ಬೇಡ, ಟಾಂಗಾ ಓಡಿಸುವ ಚಾಚಾ ಒಪ್ಪಿದರೂ ಬೇಡ.

ಬಾಡಿಗೆ ಮಾತಾಡುವುದರಲ್ಲೇ ಅರ್ಧ ನೆಮ್ಮದಿ ಇದೆ. "ಎಲ್ಲಾ ತೋರಿಸಾಕ ಎಷ್ಟ್ ತಗೋತೀರಿ?" ಅಂತ ಕೇಳಬೇಡಿ, ಆ "ಎಲ್ಲಾ" ಎಂಬುದು ಆಮೇಲೆ ಜಗಳಕ್ಕೆ ದಾರಿ. ಜಾಗಗಳ ಹೆಸರು ಹೇಳಿ: ಗೋಲ್ ಗುಂಬಜ್, ಜಾಮಿಯಾ ಮಸೀದಿ, ಗಗನ ಮಹಲ್, ಬಾರಾ ಕಮಾನ್, ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್, ತಾಜ್ ಬಾವಡಿ, ಇಬ್ರಾಹಿಂ ರೋಜಾ. ಮೊತ್ತ ತಲೆಗೋ ಗಾಡಿಗೋ, ಕಾಯುವ ಹೊತ್ತು ಸೇರಿದೆಯೋ ಇಲ್ಲವೋ, ಕೊನೆಗೆ ಎಲ್ಲಿ ಬಿಡುತ್ತಾರೆ, ಇಷ್ಟನ್ನು ಮೊದಲೇ ಕೇಳಿ. ಗೋಲ್ ಗುಂಬಜ್‌ನಲ್ಲೇ ಒಂದೂವರೆ ತಾಸು ಬೇಕು ಅಂತ ಆಗಲೇ ಹೇಳಿಬಿಡಿ, ಇಲ್ಲದಿದ್ದರೆ ಅರ್ಧ ತಾಸಿಗೆ ಫೋನ್ ಬರಲು ಶುರುವಾಗುತ್ತದೆ. ದುಡ್ಡು ಕೊನೆಯಲ್ಲಿ ಕೊಡಿ. ಮಾತಿಗೆ ಕಾಕಾ, ಚಾಚಾ, ಅಣ್ಣಾ, ಹಿಂದೊಂದು "ರೀ" ಸೇರಿಸಿದರೆ ಅರ್ಧ ಕೆಲಸ ಆದಂತೆ. ಬೆಂಗಳೂರಿನ "ಗುರೂ" ಇಲ್ಲಿ ನಡೆಯುವುದಿಲ್ಲ.

ಗಾಡಿಯವರು ದಾರಿ ತೋರಿಸುತ್ತಾರೆ, ಕಥೆಯನ್ನೂ ಹೇಳುತ್ತಾರೆ. ಆದರೆ ಒಳಗೆ ಬಂದು ವಿವರಿಸುವ ಗೈಡ್ ಬೇರೆ, ಅವರ ದುಡ್ಡೂ ಬೇರೆ. ಗೈಡ್ ಬೇಕಾದರೆ ಗೋಲ್ ಗುಂಬಜ್‌ಗೆ ಒಬ್ಬರನ್ನು ಮಾಡಿಕೊಳ್ಳಿ, ಸಾಕು. ಉಳಿದ ಕಡೆಗೆ ಇಷ್ಟು ಇತಿಹಾಸ ಗೊತ್ತಿದ್ದರೆ ಸಾಕು: ಯೂಸುಫ್ ಆದಿಲ್ ಶಾ 1490ರಲ್ಲಿ ಶುರು ಮಾಡಿದ ರಾಜ್ಯ ಇದು. 1565ರಲ್ಲಿ ವಿಜಯನಗರ ಸೋತ ಮೇಲೆ ಇಲ್ಲಿ ದುಡ್ಡು ಹರಿಯಿತು, ಕಟ್ಟಡಗಳು ಎದ್ದವು. 1686ರಲ್ಲಿ ಔರಂಗಜೇಬ ಬಂದ, ಮುಗಿಯಿತು. ನೀವು ನೋಡುವ ಬಹುಪಾಲು ಕಟ್ಟಡ ಈ ಕೊನೆಯ ನೂರಿಪ್ಪತ್ತು ವರ್ಷದ್ದು.

ಗೋಲ್ ಗುಂಬಜ್‌ನಿಂದಲೇ ಶುರು ಮಾಡಿ. ಅದು ಊರಿನ ಪೂರ್ವಕ್ಕಿದೆ, ರೈಲ್ವೆ ಸ್ಟೇಷನ್‌ಗೂ ಹತ್ತಿರ, ಜೊತೆಗೆ ಬೆಳಗ್ಗೆ ಬಾಗಿಲು ತೆರೆದ ತಕ್ಷಣ ಹೋದರೆ ಸದ್ದು ಕಡಿಮೆ. ಒಳಗೆ ಹೋದ ಕೂಡಲೇ ಮೆಟ್ಟಿಲ ಕಡೆ ಓಡಬೇಡಿ. ನಡುವೆ ನಿಂತು ಮೇಲೆ ನೋಡಿ. ಒಂದೇ ಒಂದು ಕಂಬ ಇಲ್ಲ. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು. ಈ ಎರಡನ್ನೂ ಹೊಂದಿಸಿದ್ದು ಹೇಗೆ ಅನ್ನುವುದೇ ಈ ಕಟ್ಟಡದ ಗುಟ್ಟು. ಗೋಡೆಯಿಂದ ಎದ್ದ ಎಂಟು ಕಮಾನುಗಳು ಒಂದಕ್ಕೊಂದು ಹಾಯ್ದು, ಎರಡು ಚೌಕಗಳನ್ನು ಅಡ್ಡಡ್ಡ ಇಟ್ಟ ಹಾಗೆ ನಕ್ಷತ್ರದ ಆಕಾರ ಮಾಡುತ್ತವೆ, ಮೇಲೆ ಹೋಗುತ್ತಾ ಒಳಕ್ಕೆ ಬಾಗುತ್ತವೆ, ಗುಮ್ಮಟದ ಭಾರ ಅವುಗಳ ಮೇಲೆ ಕೂತಿದೆ. ಇದನ್ನು ಕೆಳಗಿನಿಂದಲೇ ನೋಡಬೇಕು, ಮೇಲೆ ಹೋದರೆ ಕಾಣುವುದಿಲ್ಲ. ನಡುವಿನ ಕಟ್ಟೆಯ ಮೇಲೆ ಸುಲ್ತಾನ ಮೊಹಮ್ಮದ್ ಆದಿಲ್ ಶಾ, ಅವನ ಹೆಂಡತಿಯರು, ರಂಭಾ ಎಂಬ ನರ್ತಕಿ ಇವರ ಗೋರಿಗಳಿವೆ. ಅವು ಗುರುತಿಗೆ ಮಾತ್ರ, ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿ. ಅವನು ತೀರಿಕೊಂಡದ್ದು 1656ರಲ್ಲಿ.

ಗೈಡ್ "ಪ್ರಪಂಚದಲ್ಲೇ ಎರಡನೇ ದೊಡ್ಡ ಗುಮ್ಮಟ" ಅನ್ನುತ್ತಾರೆ. ಒಳ ಅಗಲದ ಲೆಕ್ಕ ಹಿಡಿದರೆ ರೋಮ್‌ನ ಪ್ಯಾಂಥಿಯಾನ್, ಸೇಂಟ್ ಪೀಟರ್ಸ್, ಫ್ಲಾರೆನ್ಸ್‌ನ ದೊಡ್ಡ ಚರ್ಚು ಮೂರೂ ಇದಕ್ಕಿಂತ ಅಗಲ, ಮೂರೂ ಇದಕ್ಕಿಂತ ಹಳೆಯವು. ವಾದ ಮಾಡಲು ಹೋಗಬೇಡಿ, ಅದರಿಂದ ಇದರ ದೊಡ್ಡಸ್ತಿಕೆ ಏನೂ ಕಡಿಮೆ ಆಗುವುದಿಲ್ಲ.

ಮೇಲೆ ಹತ್ತುವುದು ಮೂಲೆಯ ಗೋಪುರದ ಒಳಗಿನಿಂದ, ಏಳು ಅಂತಸ್ತು, ನೂರಕ್ಕೂ ಜಾಸ್ತಿ ಮೆಟ್ಟಿಲು, ಕಿರಿದು ಮತ್ತು ಕಡಿದು. ಪ್ರತಿ ಅಂತಸ್ತಿನಲ್ಲೂ ಕಿಟಕಿ ಇದೆ, ನಿಂತು ಉಸಿರು ತಗೊಳ್ಳಿ. ಮೇಲೆ ಗುಮ್ಮಟದ ಬುಡದ ಸುತ್ತ ಮೂರು ಮೀಟರ್‌ಗೂ ಸ್ವಲ್ಪ ಜಾಸ್ತಿ ಅಗಲದ ಗ್ಯಾಲರಿ. ಈಗ ಶಾಲಾ ಪ್ರವಾಸದ ವಿಷಯ. ಕೂಗಿದರೆ ಏಳು ಸಲ ಕೇಳುತ್ತದೆ ಅಂತ ಪ್ರತಿ ಮಗುವಿಗೂ ಬಸ್ಸಿನಲ್ಲೇ ಹೇಳಿರುತ್ತಾರೆ. ನೂರು ಮಕ್ಕಳು ಒಟ್ಟಿಗೆ ಕೂಗಿದರೆ ಏಳಲ್ಲ, ಏನೂ ಕೇಳುವುದಿಲ್ಲ. ಇಲ್ಲಿನ ಮಜಾ ಇರುವುದು ಕೂಗಿನಲ್ಲಲ್ಲ, ಪಿಸುಮಾತಿನಲ್ಲಿ. ಒಬ್ಬರು ಒಂದು ಕಡೆ ಗೋಡೆಗೆ ಬಾಯಿ ಹತ್ತಿರ ಇಟ್ಟು ಮೆಲ್ಲಗೆ ಮಾತಾಡಬೇಕು, ಇನ್ನೊಬ್ಬರು ಸರಿಯಾಗಿ ಎದುರು ಬದಿಯಲ್ಲಿ ಗೋಡೆಗೆ ಕಿವಿ ಇಟ್ಟು ಕೂರಬೇಕು. ದನಿ ನಡುವಿನ ಗಾಳಿ ದಾಟಿ ಬರುವುದಿಲ್ಲ, ಬಾಗಿದ ಗೋಡೆಯನ್ನೇ ಹಿಡಿದು ಸುತ್ತಿ ಬರುತ್ತದೆ. ಕಾಗದ ಹರಿದ ಸದ್ದೂ ಅಷ್ಟು ದೂರಕ್ಕೆ ಕೇಳುತ್ತದೆ. ಗುಂಪು ಇದ್ದರೆ ಹೊರಗಿನ ತಾರಸಿಗೆ ಹೋಗಿ ಊರು ನೋಡುತ್ತಾ ಕಾಯಿರಿ. ಗುಂಪು ಬೇಗ ಇಳಿಯುತ್ತದೆ, ಅವರ ಮೇಷ್ಟ್ರಿಗೆ ಆಲಮಟ್ಟಿಗೂ ಹೋಗಬೇಕಿರುತ್ತದೆ. ಗ್ಯಾಲರಿಯ ಕಟ್ಟೆ ಹತ್ತಿರ ಚಿಕ್ಕ ಮಕ್ಕಳ ಕೈ ಬಿಡಬೇಡಿ, ಕೆಳಗಿನ ನೆಲ 33 ಮೀಟರ್ ಆಳದಲ್ಲಿದೆ.

ಗೋಲ್ ಗುಂಬಜ್ ಎದುರಿನ ನಗಾರಖಾನೆಯಲ್ಲಿ, ಅಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ, ಮ್ಯೂಸಿಯಂ. ಶಾಸನ, ಆಯುಧ, ಪಿಂಗಾಣಿ, ಹಳೆಯ ಚಿತ್ರ ಇವೆ. ಇಪ್ಪತ್ತು ನಿಮಿಷ ಸಾಕು.

ಇಲ್ಲಿಂದ ಗಾಡಿ ಜಾಮಿಯಾ ಮಸೀದಿಗೆ. ಚಪ್ಪಲಿ ಗಾಡಿಯಲ್ಲೇ ಬಿಡಿ, ತಲೆಗೆ ಕರ್ಚೀಫೋ ದುಪಟ್ಟಾವೋ ಇರಲಿ, ನಮಾಜಿನ ಹೊತ್ತು ತಪ್ಪಿಸಿ. ಸಾಲು ಕಮಾನುಗಳು, ಬಿಳಿ ಗೋಡೆ, ನೆಲದ ಮೇಲೆ ಒಬ್ಬೊಬ್ಬರಿಗೆ ಒಂದರಂತೆ ಗುರುತು ಮಾಡಿದ 2,250 ಚೌಕಗಳು. ಒಂದನೇ ಅಲಿ ಆದಿಲ್ ಶಾ ಶುರು ಮಾಡಿದ್ದು, ಪೂರ್ತಿ ಮುಗಿಯಲೇ ಇಲ್ಲ. ಇಲ್ಲಿಂದ ಮುಂದೆ ಮೆಹ್ತರ್ ಮಹಲ್‌ನ ಬಾಗಿಲು ಬರುತ್ತದೆ, ಗಾಡಿ ಒಂದು ನಿಮಿಷ ನಿಲ್ಲಿಸಲು ಹೇಳಿ. ಮೇಲಿನ ಬಾಲ್ಕನಿ ಹೊತ್ತ ಕಲ್ಲಿನ ಕೆತ್ತನೆ ಥೇಟ್ ಮರದ ಕೆಲಸ. ಇಳಿಯುವುದೂ ಬೇಡ, ಕತ್ತೆತ್ತಿದರೆ ಸಾಕು. ಅಸರ್ ಮಹಲ್ ಎಂಬ ಹಳೆಯ ಅರಮನೆಯನ್ನೂ ಹೊರಗಿನಿಂದಲೇ ನೋಡಿದರೆ ಆಗುತ್ತದೆ.

ಗಗನ ಮಹಲ್‌ಗೆ ಹದಿನೈದು ನಿಮಿಷ ಕೊಡಿ. 1561ರ ಕಟ್ಟಡ. ಛಾವಣಿ ಹೋಗಿದೆ, ಮರದ ಮೇಲಂತಸ್ತು ಹೋಗಿದೆ, ಉಳಿದಿರುವುದು ಮೂರು ಕಮಾನು. ನಡುವಿನದ್ದರ ಅಗಲ 60 ಅಡಿಗೂ ಮೇಲೆ. ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿ ಸರಪಳಿ ಹಾಕಿ ಔರಂಗಜೇಬನ ಮುಂದೆ ತಂದು ನಿಲ್ಲಿಸಿದ್ದು ಇಲ್ಲೇ ಎನ್ನುತ್ತಾರೆ. ಈಗ ಊರಿನವರು ಸಂಜೆ ಹುಲ್ಲಿನ ಮೇಲೆ ಕೂತು ಚುರುಮುರಿ ತಿನ್ನುವ ಜಾಗ.

ಬಾರಾ ಕಮಾನ್‌ನಲ್ಲಿ ಫೋಟೋ ತೆಗೆಯದೆ ಬಂದವರನ್ನು ನಾನು ಕಂಡಿಲ್ಲ. ಎರಡನೇ ಅಲಿ ಆದಿಲ್ ಶಾ ತನ್ನ ಗೋರಿಗೆ ಅಂತ ಕಟ್ಟಿಸುತ್ತಿದ್ದ, 1672ರಲ್ಲಿ ಅವನು ತೀರಿಕೊಂಡ, ಕೆಲಸ ನಿಂತಿತು. ಇದರ ನೆರಳು ಗೋಲ್ ಗುಂಬಜ್ ಮೇಲೆ ಬೀಳುತ್ತದೆ ಅಂತ ನಿಲ್ಲಿಸಿದರು ಎಂಬ ಕಥೆಯನ್ನು ಗಾಡಿಯವರು ಹೇಳೇ ಹೇಳುತ್ತಾರೆ. ನೀವು ಈಗಷ್ಟೇ ಅಲ್ಲಿಂದ ಟಾಂಗಾದಲ್ಲಿ ಬಂದಿದ್ದೀರಿ, ಅಷ್ಟು ದೂರಕ್ಕೆ ಯಾವ ನೆರಳು ಬೀಳಬೇಕು ಅಂತ ನೀವೇ ಲೆಕ್ಕ ಹಾಕಿ! ಆದರೂ ಕಥೆ ಕೇಳಿ. ಕಥೆ ಇಲ್ಲದ ಟಾಂಗಾ ಸವಾರಿ ಸಪ್ಪೆ.

ದಾರಿಯಲ್ಲಿ ಅಲ್ಲಲ್ಲಿ ಎತ್ತರದ ಚೌಕ ಕಲ್ಲಿನ ಗೋಪುರಗಳು ಕಾಣುತ್ತವೆ. ಅವು ಕಾವಲಿನವಲ್ಲ, ನೀರಿನವು. ಊರ ಹೊರಗಿನಿಂದ ನೆಲದ ಕೆಳಗಿನ ಸುರಂಗ ಮತ್ತು ಕೊಳವೆಗಳಲ್ಲಿ ತಂದ ನೀರಿನ ಒತ್ತಡ ಹದ ಮಾಡಲು ಕಟ್ಟಿದ ಗಂಜ್‌ಗಳು. ಯಾವ ಗೈಡೂ ಇದನ್ನು ತಾನಾಗಿ ತೋರಿಸುವುದಿಲ್ಲ, ನೀವೇ ಕೇಳಬೇಕು.

ಉಪ್ಪಲಿ ಬುರುಜು ಸುಮಾರು 80 ಅಡಿ ಎತ್ತರ, ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಹೋಗುತ್ತದೆ. ಕಾಲಲ್ಲಿ ಇನ್ನೂ ಬಲ ಇದ್ದರೆ ಹತ್ತಿ, ಮೇಲೆ 30 ಅಡಿ ಉದ್ದದ ತೋಪು ಇದೆ. ಗೋಲ್ ಗುಂಬಜ್ ಹತ್ತಿ ಸುಸ್ತಾಗಿದ್ದರೆ ಬಿಡಿ, ಬೇಜಾರೇನಿಲ್ಲ. ಮಲಿಕ್-ಎ-ಮೈದಾನ್ ಮಾತ್ರ ಬಿಡಬೇಡಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಕಂಚಿನ ತೋಪು, ತೂಕ ಸುಮಾರು 55 ಟನ್. ಬಾಯಿಗೆ ಸಿಂಹದ ಮುಖ, ಹಲ್ಲುಗಳ ನಡುವೆ ಸಿಕ್ಕಿಬಿದ್ದ ಆನೆ. ಬ್ರಿಟಿಷರು 1854ರಲ್ಲಿ ಇದನ್ನು ಹರಾಜಿಗೆ ಇಟ್ಟಾಗ ಬಂದ ದೊಡ್ಡ ಕೂಗು 150 ರೂಪಾಯಿ. ಪುಣ್ಯಕ್ಕೆ ಹರಾಜು ರದ್ದಾಯಿತು. ತೋಪು ಹಾರಿಸಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿಗೆ ಧುಮುಕುತ್ತಿದ್ದ ಅನ್ನುವುದು ಗಾಡಿಯವರ ಇನ್ನೊಂದು ಕಥೆ.

ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿಯ ಹತ್ತಿರ ಐದು ನಿಮಿಷ ನಿಂತು, ಕೋಟೆಗೋಡೆ ದಾಟಿ ಇಬ್ರಾಹಿಂ ರೋಜಾಕ್ಕೆ ಬನ್ನಿ. ಇಲ್ಲಿಗೆ ಬರುವಾಗ ಕೈಯಲ್ಲಿ ಕಡಿಮೆ ಅಂದರೂ ಒಂದು ತಾಸು ಇರಬೇಕು, ಅದಕ್ಕೇ ಹಿಂದಿನ ಜಾಗಗಳಲ್ಲಿ ಅಷ್ಟು ಜಿಪುಣತನ ಮಾಡಿದ್ದು. ಎರಡನೇ ಇಬ್ರಾಹಿಂ ಆದಿಲ್ ಶಾ ಸಂಗೀತದ ಹುಚ್ಚಿನವನು, ಜನ ಅವನನ್ನು ಜಗದ್ಗುರು ಎಂದು ಕರೆದರು. ಅವನ ಗೋರಿ ಒಂದು ಕಡೆ, ಎದುರಿಗೆ ಮಸೀದಿ, ನಡುವೆ ಕಾರಂಜಿಯ ತೊಟ್ಟಿ, ಎಲ್ಲವೂ ಒಂದೇ ಕಟ್ಟೆಯ ಮೇಲೆ. ಕಟ್ಟಿದವನು ಮಲಿಕ್ ಸಂದಲ್.

ಮೊದಲು ಗೋರಿಯ ಹೊರಗೋಡೆಗಳನ್ನು ಒಂದು ಸುತ್ತು ಹಾಕಿ, ಮುಖ ಗೋಡೆಗೆ ಹತ್ತಿರ ಇಟ್ಟುಕೊಂಡು. ಕಿಟಕಿಯ ಜಾಲರಿ ಬರೀ ಬಳ್ಳಿ ಹೂವಲ್ಲ, ಅರಬ್ಬಿ ಅಕ್ಷರಗಳನ್ನೇ ಕಲ್ಲಿನಲ್ಲಿ ಕೊರೆದು ಜಾಲರಿ ಮಾಡಿದ್ದಾರೆ, ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಒಳಗೆ ಹೋದರೆ ಕತ್ತೆತ್ತಿ ನೋಡಿ. ಹನ್ನೆರಡು ಮೀಟರ್ ಚೌಕದ ಕೋಣೆ, ನಡುವೆ ಕಂಬವಿಲ್ಲ, ಛಾವಣಿ ಹೆಚ್ಚುಕಡಿಮೆ ಚಪ್ಪಟೆ, ಅದೂ ಕಲ್ಲಿನದು. ಆಮೇಲೆ ಮಸೀದಿಯ ಮೂಲೆಗಳಲ್ಲಿ ಸೂರಿನಿಂದ ತೂಗುವ ಕಲ್ಲಿನ ಸರಪಳಿ ಹುಡುಕಿ, ಒಂದೊಂದನ್ನೂ ಒಂದೇ ಕಲ್ಲಿನಲ್ಲಿ ಕಡೆದದ್ದು. ತಾಜ್ ಮಹಲಿಗೆ ಇದೇ ಮಾದರಿ ಅಂತ ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಇರಬಹುದು, ಇಲ್ಲದಿರಬಹುದು, ಅಮೃತಶಿಲೆ ಇಲ್ಲದೆ ಕಪ್ಪು ಕಲ್ಲಿನಲ್ಲಿ ಇಷ್ಟು ನಯ ತಂದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಟಿಕೆಟ್ ಬೇಕಾಗುವುದು ಮುಖ್ಯವಾಗಿ ಗೋಲ್ ಗುಂಬಜ್‌ಗೆ ಮತ್ತು ಇಲ್ಲಿಗೆ. ಗೇಟಿನ ಹತ್ತಿರದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ, 15 ವರ್ಷದೊಳಗಿನ ಮಕ್ಕಳಿಗೆ ದುಡ್ಡಿಲ್ಲ.

ಇಷ್ಟು ಹೊತ್ತಿಗೆ ಹಸಿವಾಗಿರುತ್ತದೆ. ಗಾಡಿಯವರಿಗೆ "ಚಲೋ ಖಾನಾವಳಿ ಹಂತೇಕ ಬಿಡ್ರಿ" ಅಂತ ಹೇಳಿ. ಹೋಟೆಲ್ ಅಂದರೆ ಇಡ್ಲಿ ದೋಸೆ ಸಿಗುವ ಕಡೆ ಬಿಟ್ಟಾರು. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ಕಾಯಿಸಿದ್ದಕ್ಕೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟರೆ ಚಾಚಾಗೂ ಖುಷಿ. ಸಂಜೆಯ ರೈಲಿಗೆ ಇನ್ನೂ ಹೊತ್ತಿದ್ದರೆ ಸಿಂದಗಿ ರಸ್ತೆಯ ಕುಮಟಗಿಯಲ್ಲಿ ಸುಲ್ತಾನರ ನೀರಿನ ಮಹಲು ಇದೆ. ಅಷ್ಟು ದೂರಕ್ಕೆ ಕುದುರೆ ಓಡಿಸಬೇಡಿ, ಕಾರು ಮಾಡಿಕೊಂಡು ಹೋಗಿ.