ಮನೆಯ ಮೀನಿನ ಟ್ಯಾಂಕ್‌ನ ಫೋಟೋ ತೆಗೆಯುವುದು: ಮೊದಲು ಶಟರ್ ಹಿಡಿಯಿರಿ

ಡೊಂಬಿವಿಲಿಯ ನಮ್ಮ ಹಾಲ್‌ನಲ್ಲಿ ಎರಡಡಿ ಉದ್ದದ ಟ್ಯಾಂಕ್ ಇದೆ. ಹನ್ನೆರಡು ನಿಯಾನ್ ಟೆಟ್ರಾ ಮೀನು, ತಳದಲ್ಲಿ ಓಡಾಡುವ ನಾಲ್ಕು ಕೋರಿ (ಕೋರಿಡೋರಸ್). ಪಕ್ಕದ ಚಿಕ್ಕ ಟ್ಯಾಂಕ್‌ನಲ್ಲಿ ಒಂದು ಫೈಟರ್ ಮೀನು (ಬೆಟ್ಟಾ). ಎಲ್ಲವೂ ಕ್ರಾಫರ್ಡ್ ಮಾರ್ಕೆಟ್‌ನಿಂದ ಪ್ಲಾಸ್ಟಿಕ್ ಚೀಲದಲ್ಲಿ ಲೋಕಲ್ ಟ್ರೇನ್ ಹತ್ತಿ ಬಂದವು. ಟೆಟ್ರಾದ ಮೈಮೇಲಿನ ಆ ನೀಲಿ ಗೆರೆ ನೋಡಿದರೆ ಯಾರಿಗಾದರೂ ಕ್ಯಾಮೆರಾ ತೆಗೆಯಬೇಕು ಅನ್ನಿಸುತ್ತದೆ. ಆದರೆ ಆಟೋ ಮೋಡ್‌ನಲ್ಲಿ ಕ್ಲಿಕ್ ಮಾಡಿದರೆ ಸಿಗುವುದು ಮಸುಕಾದ ನೀಲಿ ಎಳೆ ಮತ್ತು ಗಾಜಿನಲ್ಲಿ ನಮ್ಮದೇ ಮುಖ.

ಕಾರಣ ಸರಳ. ಟ್ಯಾಂಕ್ ಕಣ್ಣಿಗೆ ಬೆಳ್ಳಗೆ ಕಂಡರೂ ಅದರೊಳಗಿನ ಬೆಳಕು ಬಿಸಿಲಿನ ಮುಂದೆ ತೀರಾ ಕಡಿಮೆ. ಕ್ಯಾಮೆರಾ ಬೆಳಕು ಸಾಲದೆ ಶಟರ್ ವೇಗವನ್ನು 1/30 ಸೆಕೆಂಡಿಗೆ ಇಳಿಸಿಬಿಡುತ್ತದೆ, ಅಂದರೆ ಅಷ್ಟು ಹೊತ್ತು ಬೆಳಕಿಗೆ ತೆರೆದಿರುತ್ತದೆ, ಅಷ್ಟರಲ್ಲಿ ಮೀನು ಮುಂದೆ ಸರಿದಿರುತ್ತದೆ. ಹಾಗಾಗಿ ಶಟರ್ ಮಾತ್ರ ಕ್ಯಾಮೆರಾದ ಕೈಗೆ ಕೊಡಲೇಬೇಡಿ. ಮೋಡನ್ನು ಎಂ (ಮ್ಯಾನುಯಲ್) ಗೆ ತಿರುಗಿಸಿ. ಶಟರ್ 1/125, ಅಪರ್ಚರ್ (ಲೆನ್ಸ್‌ನ ಬಾಯಿ, ಸಂಖ್ಯೆ ಚಿಕ್ಕದಾದಷ್ಟು ಅಗಲ) ಎಫ್ 4 ಅಥವಾ 5.6, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ. ಇಷ್ಟು ಇಟ್ಟುಕೊಂಡು ಶುರು ಮಾಡಿ. ತಳದಲ್ಲಿ ಸುಮ್ನೆ ಕೂತ ಕೋರಿಗೆ 1/60 ಸಾಕು, ಗುಂಪಾಗಿ ತಿರುಗುವ ಟೆಟ್ರಾಗೆ 1/200 ಬೇಕಾಗುತ್ತದೆ.

ಐಎಸ್‌ಒ 1600, 3200 ಅಂತ ಏರಿದಾಗ ಜನ ಹೆದರುತ್ತಾರೆ. ಹೆದರಬೇಡಿ. ಕಾಳುಕಾಳಾದ ಫೋಟೋವನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸ್ವಲ್ಪ ಮಟ್ಟಿಗೆ ತಿದ್ದಬಹುದು, ಅಲುಗಿದ ಕಣ್ಣನ್ನು ಯಾರೂ ತಿದ್ದಲಾರರು.

ಅಪರ್ಚರ್ ವಿಷಯಕ್ಕೆ ಬಂದರೆ, ಎಫ್ 1.8 ಲೆನ್ಸ್ ಇದೆ ಅಂತ ಪೂರ್ತಿ ತೆರೆಯಲು ಹೋಗಬೇಡಿ. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾಗೆ 50 ಎಂಎಂ ಲೆನ್ಸ್ ಹಾಕಿ 40 ಸೆಂ.ಮೀ. ದೂರದಿಂದ ತೆಗೆದರೆ, ಎಫ್ 4ರಲ್ಲೂ ಸ್ಪಷ್ಟವಾಗಿ ಬರುವ ಆಳ ಸುಮಾರು 1 ಸೆಂ.ಮೀ. ಮಾತ್ರ. ಎಫ್ 8 ಇಟ್ಟರೆ 2 ಸೆಂ.ಮೀ. ಮೀನು ಒಂಚೂರು ಓರೆಯಾದರೂ ಕಣ್ಣು ಸಿಕ್ಕಿ ಬಾಲ ಕರಗುತ್ತದೆ. ಅದಕ್ಕೇ ಮೀನು ನಿಮಗೆ ಪೂರ್ತಿ ಪಕ್ಕೆ ತೋರಿಸುವ ಗಳಿಗೆಗೆ ಕಾಯಿರಿ. ಕಾಯುವುದೇ ಇಲ್ಲಿ ಅರ್ಧ ಕೆಲಸ.

ಇನ್ನೊಂದು ಪಾಠ ಕಲಿಯಲು ನನಗೆ ತಿಂಗಳುಗಳೇ ಬೇಕಾದವು. ಟ್ಯಾಂಕ್‌ನ ಹಿಂದೆ ಕಪ್ಪು ಹಾಳೆ ಅಂಟಿಸಿದ್ದರೆ ಕ್ಯಾಮೆರಾ ಆ ಕತ್ತಲನ್ನೇ ನೋಡಿ ಬೆಳಕು ಸಾಲದು ಅಂದುಕೊಳ್ಳುತ್ತದೆ, ಐಎಸ್‌ಒ ಏರಿಸುತ್ತದೆ, ಮೀನಿನ ಹೊಳಪು ಬೆಳ್ಳಗೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೋದ ಬೆಳಕನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಅನ್ನು ಮೈನಸ್ 1ಕ್ಕೆ ಇಳಿಸಿ. ಎಂ ಮೋಡ್‌ನಲ್ಲಿ ಕೆಲವು ಹಳೆಯ ಕ್ಯಾಮೆರಾಗಳು ಇದಕ್ಕೆ ಬಿಡುವುದಿಲ್ಲ. ಆಗ ಐಎಸ್‌ಒ ಆಟೋ ತೆಗೆದು ನೀವೇ ಒಂದು ಸಂಖ್ಯೆ ಇಡಿ. ಟ್ಯಾಂಕ್ ದೀಪ ಬದಲಾಗುವುದಿಲ್ಲವಲ್ಲ, ಒಮ್ಮೆ ಸರಿಮಾಡಿದರೆ ಆ ಸಂಜೆಗೆಲ್ಲ ಅದೇ ಸಾಕು.

ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತಿದ್ದರೆ ಅದು ಎಲ್‌ಇಡಿಯ ಮಿಣುಕು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಆಫ್ ಮಾಡಿ ಮೆಕ್ಯಾನಿಕಲ್ ಶಟರ್ ಹಾಕಿ. ಆಗಲೂ ಹೋಗದಿದ್ದರೆ 1/100ಕ್ಕೆ ಬನ್ನಿ.

ಬಣ್ಣಕ್ಕೆ ರಾ (ಕ್ಯಾಮೆರಾ ತಿದ್ದದೆ ಉಳಿಸುವ) ಫೈಲ್‌ನಲ್ಲೇ ತೆಗೆಯಿರಿ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣಿಸುವ ಸೆಟ್ಟಿಂಗ್) ಆಟೋ ಬೇಡ, 6500 ಕೆಲ್ವಿನ್‌ನಿಂದ ಶುರು ಮಾಡಿ. ಇನ್ನೂ ನೀಲಿ ಅಥವಾ ಹಸಿರು ಹೊಡೆದರೆ, ಸೋಪಿನ ಅಂಶ ಇಲ್ಲದ ಬಿಳಿ ಪಿಂಗಾಣಿ ಸಾಸರನ್ನು ನೀರಿಗೆ ಇಳಿಸಿ, ಅದರ ಫೋಟೋದಿಂದ ಕಸ್ಟಮ್ ವೈಟ್ ಬ್ಯಾಲೆನ್ಸ್ ಇಟ್ಟುಕೊಳ್ಳಿ. ಟೆಟ್ರಾ ಇದ್ದವರಿಗೆ ಒಂದು ಮಾತು. ಅದರ ನೀಲಿ ಅಂದರೆ ಬೆಳಕು ಪ್ರತಿಫಲಿಸಿ ಹುಟ್ಟುವ ಬಣ್ಣ, ಕೋನ ಬದಲಾದರೆ ಅದೂ ಬದಲಾಗುತ್ತದೆ. ಕತ್ತಲಲ್ಲಿದ್ದ ಟೆಟ್ರಾ ಪೇಲವವಾಗಿರುತ್ತದೆ. ದೀಪ ಹಾಕಿದ ಕೂಡಲೇ ಕ್ಯಾಮೆರಾ ಹಿಡಿಯಬೇಡಿ, ಒಂದು ಗಂಟೆ ಬಿಡಿ, ಬಣ್ಣ ತಾನಾಗಿ ಏರುತ್ತದೆ.

ಗಾಜಿನ ಪ್ರತಿಬಿಂಬವೇ ಫ್ಲಾಟ್‌ನಲ್ಲಿರುವ ನಮ್ಮಂಥವರ ದೊಡ್ಡ ತಲೆನೋವು, ಯಾಕೆಂದರೆ ಟ್ಯಾಂಕ್ ಇಡಲು ಇರುವುದು ಒಂದೇ ಗೋಡೆ, ಅದರ ಎದುರಿಗೇ ಕಿಟಕಿ. ರಾತ್ರಿ ಎಂಟರ ಮೇಲೆ ತೆಗೆಯಿರಿ. ಟ್ಯೂಬ್‌ಲೈಟ್, ಟಿವಿ ಎಲ್ಲ ಆರಿಸಿ, ಕಪ್ಪು ಅಂಗಿ ಹಾಕಿಕೊಳ್ಳಿ. ಮುಂಬೈ ಮನೆಯಲ್ಲಿ ಕಪ್ಪು ಛತ್ರಿ ಇದ್ದೇ ಇರುತ್ತದೆ ಅಲ್ವಾ, ಅದನ್ನು ಬಿಡಿಸಿ ನಿಮ್ಮ ಬೆನ್ನ ಹಿಂದಿನ ಕುರ್ಚಿಗೆ ಕಟ್ಟಿ, ಎದುರು ಬಿಲ್ಡಿಂಗಿನ ದೀಪಗಳೂ ಮರೆಯಾಗುತ್ತವೆ. ಲೆನ್ಸನ್ನು ಗಾಜಿಗೆ ಒತ್ತಿ ಹಿಡಿದರೆ ಪ್ರತಿಬಿಂಬವೇ ಇರುವುದಿಲ್ಲ ನಿಜ, ಆದರೆ 50 ಎಂಎಂ ಲೆನ್ಸ್ ಅಷ್ಟು ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ. ಕ್ಯಾಮೆರಾ ಜತೆ ಬರುವ 18-55 ಕಿಟ್ ಲೆನ್ಸ್ ಸಾಮಾನ್ಯವಾಗಿ 25ರಿಂದ 28 ಸೆಂ.ಮೀ.ವರೆಗೆ ಹತ್ತಿರ ಬರುತ್ತದೆ. 55ಕ್ಕೆ ಜೂಮ್ ಮಾಡಿ ಅದನ್ನೇ ಬಳಸಿ, ತೀರಾ ಹತ್ತಿರದಿಂದ ತೆಗೆಯುವ ಹೊಸ ಮ್ಯಾಕ್ರೋ ಲೆನ್ಸ್ ಈಗಲೇ ಬೇಡ. ಗಾಜಿಗೆ ನೇರವಾಗಿ ನಿಲ್ಲಿ. ಓರೆಯಾಗಿ ತೆಗೆದರೆ ಗಾಜು, ನೀರು ಎರಡೂ ಬೆಳಕನ್ನು ಬಾಗಿಸಿ ಮೀನಿನ ಅಂಚಿಗೆ ಬಣ್ಣದ ಗೆರೆ ತರುತ್ತವೆ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಬೇಡವೇ ಬೇಡ, ಅದು ಗಾಜಿಗೆ ಬಡಿದು ವಾಪಸ್ ಬರುತ್ತದೆ.

ನೀರು ಬದಲಿಸಿದ ದಿನ ತೆಗೆಯಬೇಡಿ, ಗಾಜಿನ ತುಂಬ ಸಣ್ಣ ಗುಳ್ಳೆ ಕೂತಿರುತ್ತವೆ. ಮರುದಿನ ತೆಗೆಯಿರಿ. ಗಾಜಿನ ಹೊರಮೈಯನ್ನು ಬರೀ ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಕಿಟಕಿ ತೊಳೆಯುವ ಸ್ಪ್ರೇಯ ಅಮೋನಿಯಾ ಮೀನಿಗೆ ವಿಷ.

ಫೋನ್ ಮಾತ್ರ ಇದ್ದರೂ ಬೇಸರ ಬೇಡ. ಪ್ರೋ ಮೋಡ್‌ನಲ್ಲಿ ಇದೇ ಶಟರ್ ಇಡಿ. ಇಲ್ಲವಾದರೆ ಮೀನು ಹಾದುಹೋಗುವ ಜಾಗದ ಎಲೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕು ಸ್ವಲ್ಪ ಇಳಿಸಿ, ಕಾಯಿರಿ.

ಕ್ಯಾಮೆರಾದಲ್ಲಾದರೆ ಫೋಕಸ್ ಹೀಗೆ ಇಡಿ. ಕಂಟಿನ್ಯೂಯಸ್ ಫೋಕಸ್ (ಮೀನು ಸರಿದಂತೆ ತಾನೂ ಸರಿಯುವ ಫೋಕಸ್), ಒಂದೇ ಬಿಂದು, ಅದು ಕಣ್ಣಿನ ಮೇಲೆ, ಜತೆಗೆ ಬರ್ಸ್ಟ್ (ಒತ್ತಿ ಹಿಡಿದಷ್ಟು ಹೊತ್ತು ಸಾಲಾಗಿ ಫೋಟೋ). ನೂರು ತೆಗೆದರೆ ನಾಲ್ಕೈದು ಚೆನ್ನಾಗಿ ಬಂದರೂ ಜಾಸ್ತಿಯೇ. ಮೀನನ್ನು ಅಟ್ಟಿಸಿಕೊಂಡು ಹೋಗಬೇಡಿ. ಅವಕ್ಕೆ ಇಷ್ಟದ ಒಂದು ದಾರಿ ಇರುತ್ತದೆ, ಹತ್ತು ನಿಮಿಷ ನೋಡಿದರೆ ತಿಳಿಯುತ್ತದೆ, ಅಲ್ಲೇ ಫೋಕಸ್ ಇಟ್ಟು ಕೂತಿರಿ.

ಫೈಟರ್ ರೆಕ್ಕೆ ಬಿಡಿಸಿದ ಫೋಟೋ ಬೇಕಿದ್ದರೆ ಎಲ್ಲ ಸೆಟ್ಟಿಂಗ್ ಮೊದಲೇ ಸರಿಮಾಡಿ, ಒಂದೆರಡು ಸಲ ತೆಗೆದು ನೋಡಿ, ಆಮೇಲೆ ಗಾಜಿನ ಪಕ್ಕ ಚಿಕ್ಕ ಕನ್ನಡಿ ಇಡಿ. ಇನ್ನೊಂದು ಗಂಡು ಬಂತು ಅಂತ ಅದು ಕಿವಿರು ಅರಳಿಸಿ ನಿಲ್ಲುತ್ತದೆ. ಶಟರ್ 1/200, ಬರ್ಸ್ಟ್ ಒತ್ತಿ ಹಿಡಿಯಿರಿ. ಒಂದೆರಡು ನಿಮಿಷಕ್ಕಿಂತ ಜಾಸ್ತಿ ಬೇಡ. ಫೋಟೋ ಸಿಗಲಿ ಬಿಡಲಿ, ಕನ್ನಡಿ ತೆಗೆದುಬಿಡಿ, ಅದು ಸುಸ್ತಾಗುತ್ತದೆ.